ಏಳು ಕಿಲೋ ಬ್ಯಾಗು, ಐದು ತಿಂಗಳು ಪರದೇಶ: ರಿಟೈರ್ ಆದವರಿಗೆ ಉಡುಪಿಯಿಂದ ಒಂದು ಲೆಕ್ಕಾಚಾರ

ನಾನು ಬ್ಯಾಂಕಿಂದ ರಿಟೈರ್ ಆದವಳು, ನಮ್ಮವರು ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು, ಮಗಳು ಬೆಂಗಳೂರಲ್ಲಿ. ಈಗ ವರ್ಷಕ್ಕೆ ನಾಲ್ಕೈದು ತಿಂಗಳು ನಾವಿಬ್ರೂ ಮಲೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ ಅಂತ ಇರ್ತೇವೆ, ವಿಮಾನಕ್ಕೆ ಕೈಯಲ್ಲೇ ಹಿಡ್ಕೊಂಡು ಹತ್ತುವ ಏಳು ಕಿಲೋ ಬ್ಯಾಗು ತಲೆಗೊಂದೊಂದು ಅಷ್ಟೇ. ಮದುವೆ ಮನೆಗೆ ಹೋದ್ರೆ ಊಟದ ಸಾಲಲ್ಲಿ ಕೂತಲ್ಲಿಂದ ಕೇಳ್ತಾರೆ, "ಈ ಪ್ರಾಯದಲ್ಲಿ ನಿಮಗೆ ಹೇಗೆ ಧೈರ್ಯ ಬರ್ತದೆ ಮಾರ್ರೆ, ಖರ್ಚೆಷ್ಟು, ಮನೆ ಯಾರು ನೋಡುದು, ಊಟಕ್ಕೆ ಎಂತ ಮಾಡ್ತೀರಿ" ಅಂತ. ಎಲ್ರಿಗೂ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರ್ದು ಇಡ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿ ಬಿಡ್ತೇನೆ, ಬ್ಯಾಗ್ ತುಂಬಿಸುದು ಒಂದು ಮಧ್ಯಾಹ್ನದ ಕೆಲಸ, ಮನೆಯನ್ನು ಬಿಟ್ಟು ಹೋಗುವ ಹಾಗೆ ಮಾಡುದಕ್ಕೆ ನಮಗೆ ಒಂದೂವರೆ ವರ್ಷ ಹಿಡೀತು. ಹಾಗಾಗಿ ಮನೆಯಿಂದಲೇ ಸುರು ಮಾಡ್ತೇನೆ.

ಮೊದಲು ಕ್ಯಾಲೆಂಡರ್ ಇಟ್ಕೊಂಡು ಕೂತ್ಕೊಳ್ಳಿ

ಟಿಕೆಟ್ ರೇಟ್ ನೋಡಿ ತಾರೀಕು ಫಿಕ್ಸ್ ಮಾಡ್ಬೇಡಿ. ಊರಿನ ಕ್ಯಾಲೆಂಡರಲ್ಲಿ ನೀವು ಇಲ್ಲಿ ಇರಲೇಬೇಕಾದ ದಿನಗಳಿಗೆ ಮೊದಲು ರೌಂಡ್ ಹಾಕಿ. ನಮ್ಮದು ಹೀಗೆ: ನವೆಂಬರಲ್ಲಿ ಪೆನ್ಷನ್ನಿನ ಲೈಫ್ ಸರ್ಟಿಫಿಕೇಟ್ ಕೊಡ್ಲಿಕ್ಕುಂಟು, ದೀಪಾವಳಿಗೆ ಮಗಳು ಬರ್ತಾಳೆ, ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣಮಠದ ಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಉತ್ಸವ, ಅದನ್ನು ಬಿಟ್ಟು ಹೋಗ್ಲಿಕ್ಕೆ ನಮ್ಮವರು ಒಪ್ಪುದಿಲ್ಲ. ಆಮೇಲೆ ಮಳೆಗಾಲ. ನಾಗರಪಂಚಮಿಗೆ ಕುಟುಂಬದ ನಾಗಬನಕ್ಕೆ ಹಾಲೆರೀಲಿಕ್ಕೆ ಹೋಗ್ಬೇಕು, ಅದೂ ಮಳೆಗಾಲದಲ್ಲೇ ಬರುದು.

ಮಳೆಗಾಲ ಮನೆಯಲ್ಲಿ ಇರ್ಬೇಕು ಅಂತ ಯಾಕೆ ಅಷ್ಟು ಒತ್ತಿ ಹೇಳುದು ಅಂದ್ರೆ, ಸುರುವಿಗೆ ನಾವು ತಪ್ಪು ಮಾಡಿದ್ದೇ ಅಲ್ಲಿ. ರಿಟೈರ್ ಆದ ಹುಮ್ಮಸ್ಸಲ್ಲಿ ಒಂದು ವರ್ಷ ಜೂನ್‌ನಿಂದ ಆಗಸ್ಟ್‌ವರೆಗೆ ಮನೆಗೆ ಬೀಗ ಹಾಕಿ ಬೆಂಗಳೂರಲ್ಲಿ ಮಗಳ ಹತ್ರ ಇದ್ದೆವು. ಬಂದು ಬಾಗಿಲು ತೆಗ್ದಾಗ ಮೂಗಿಗೆ ಬಡಿದ ವಾಸನೆ ಈಗಲೂ ನೆನಪುಂಟು, ಕಪಾಟಲ್ಲಿದ್ದ ರೇಷ್ಮೆ ಸೀರೆ ಮಡಿಕೆ ಮಡಿಕೆಯಲ್ಲಿ ಬೂದಿ ಬಣ್ಣದ ಬೂಸ್ಟು, ಅಡುಗೆಮನೆ ಬಾಗಿಲಿನ ದಾರಂದಕ್ಕೆ ಗೆದ್ದಲು ಹಿಡ್ದು ಬೆರಳು ಒತ್ತಿದ್ರೆ ಒಳಗೆ ಹೋಗ್ತಿತ್ತು. ವರ್ಷಕ್ಕೆ ಹತ್ರ ಹತ್ರ 4000 ಮಿಲಿಮೀಟರ್ ಮಳೆ ಬೀಳುವ ಊರಲ್ಲಿ ಮುಚ್ಚಿದ ಮನೆ ಅಂದ್ರೆ ಅಷ್ಟೇ. ಬೆಂಗಳೂರಿನವರು ಬರ್ಕೊಳ್ಳುವ "ವಿದೇಶದಲ್ಲಿ ವಾಸ" ಪ್ಲಾನ್ ನಮಗೆ ಆಗುದಿಲ್ಲ. ನಮ್ಮ ಪ್ಲಾನ್: ಮಳೆಗಾಲ ಮನೆಯಲ್ಲಿ, ಸೆಕೆಗಾಲ ಹೊರಗೆ. ಡಿಸೆಂಬರ್ ಇಲ್ಲವೇ ಜನವರಿ ಕೊನೆಗೆ ಹೊರಟ್ರೆ ಮೇ ಅರ್ಧಕ್ಕೆ ವಾಪಸ್.

ಇದ್ರಲ್ಲಿ ಇನ್ನೊಂದು ಲಾಭ ಉಂಟು. ಏಪ್ರಿಲ್‌ನಿಂದ ಮಾರ್ಚ್ ಲೆಕ್ಕದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿ ಇದ್ರೆ ಇನ್ಕಮ್ ಟ್ಯಾಕ್ಸ್‌ಗೆ ನೀವು ರೆಸಿಡೆಂಟೇ, ಸೀನಿಯರ್ ಸಿಟಿಜನ್ ಎಫ್‌ಡಿ, ಪೆನ್ಷನ್ ಅಕೌಂಟ್ ಎಂತದ್ದೂ ಬದಲಾಯಿಸುವ ತಲೆಬಿಸಿ ಇಲ್ಲ. ಅದಕ್ಕಿಂತ ಹೆಚ್ಚು ಹೊರಗೆ ಇರುವ ಆಲೋಚನೆ ಇದ್ರೆ ಮೊದಲು ಸಿಎ ಹತ್ರ ಕೂತು ಮಾತಾಡಿ.

ಮನೆ

ಖಾಲಿ ಬಿಡ್ಬೇಡಿ, ಸೆಕೆಗಾಲದಲ್ಲೂ. ನಾವು ಮೇಲಿನ ಎರಡು ರೂಮನ್ನು ಮಣಿಪಾಲದಲ್ಲಿ ಓದುವ ಇಬ್ರು ಹುಡುಗಿಯರಿಗೆ ಕೊಟ್ಟಿದ್ದೇವೆ, ಹನ್ನೊಂದು ತಿಂಗಳ ಅಗ್ರಿಮೆಂಟ್, ಬಾಡಿಗೆ ಕಮ್ಮಿ, ಬದಲಿಗೆ ತುಳಸಿಗೆ ನೀರು, ವಾರಕ್ಕೊಮ್ಮೆ ಕಿಟಕಿ ತೆಗ್ದು ಹಾಕುದು, ಬಾವಿ ಪಂಪ್ ಎರಡು ನಿಮಿಷ ಓಡಿಸುದು ಅವರ ಕೆಲಸ. ಪಂಪ್ ತಿಂಗಳುಗಟ್ಟಲೆ ನಿಂತ್ರೆ ಜಾಮ್ ಆಗ್ತದೆ, ನಮ್ಮ ಪಕ್ಕದ ಮನೆಯವರಿಗೆ ಆಗಿದೆ. ಹೊರಡುವಾಗ ಗ್ಯಾಸ್ ರೆಗ್ಯುಲೇಟರ್ ತೆಗ್ದು, ಕೆಳಗೆ ನಮ್ಮ ಭಾಗದ ಟಿವಿ ಫ್ರಿಜ್ ಪ್ಲಗ್ ಎಲ್ಲ ಎಳ್ದು ಇಡಿ. ಏಪ್ರಿಲ್, ಮೇಯಲ್ಲಿ ಸಂಜೆ ಸಿಡಿಲು ಹೊಡಿಯುವ ಊರು ನಮ್ಮದು. ಮೆಸ್ಕಾಂ ಕರೆಂಟ್ ಬಿಲ್ಲಿಗೆ ಆಟೋ ಪೇ ಹಾಕಿ, ಮನೆ ತೆರಿಗೆ ಮೊದಲೇ ಕಟ್ಟಿ.

ಸಾಮಾನು ಕಮ್ಮಿ ಮಾಡುವ ವಿಷಯ. ಇದ್ರಲ್ಲಿ ನಾನು ಸ್ವಲ್ಪ ಹೆಚ್ಚು ಹೇಳ್ತೇನೆ, ಯಾಕಂದ್ರೆ ಎಲ್ರೂ ಸುಲಭದಲ್ಲಿ "ಬೇಡದ್ದು ಬಿಸಾಡಿ" ಅಂತಾರೆ. ನಮ್ಮ ಅಟ್ಟದಲ್ಲಿ ಅತ್ತೆಯ ಕಾಲದ ಐದು ತಾಮ್ರದ ಹಂಡೆ, ಮೂರು ಕಡೆಯುವ ಕಲ್ಲು, ಹದಿನೆಂಟು ಹಿತ್ತಾಳೆ ಚೆಂಬು, ಕಾಲು ಮುರಿದ ಮಂಚ, ನಮ್ಮವರ ಮೂವತ್ತು ವರ್ಷದ ಉತ್ತರ ಪತ್ರಿಕೆಯ ಕಟ್ಟು (ಯಾಕೆ ಇಟ್ಟಿದ್ರು ಅಂತ ಅವರಿಗೇ ಗೊತ್ತಿಲ್ಲ). ಒಂದೇ ಸಲಕ್ಕೆ ಕೂತ್ರೆ ಜಗಳ ಆಗುದು ಗ್ಯಾರಂಟಿ. ನಾವು ಮಾಡಿದ್ದು, ಪ್ರತಿ ತಿಂಗಳ ಸಂಕ್ರಾಂತಿಗೆ ಒಂದು ಕಪಾಟು ಅಥವಾ ಒಂದು ಮೂಲೆ, ಅದಕ್ಕಿಂತ ಹೆಚ್ಚಿಲ್ಲ. ಪಾತ್ರೆ ಬೇಕಾದವ್ರು ತಗೊಳ್ಳಿ ಅಂತ ನಾದಿನಿಯರಿಗೆ ಮೊದಲು ಫೋನ್ ಮಾಡಿದೆ, ಗುಜ್ರಿಗೆ ಆಮೇಲೆ. ಈ ಕ್ರಮ ತಪ್ಪಿಸ್ಬೇಡಿ. ಒಂದು ಹಂಡೆ ಗುಜ್ರಿಗೆ ಹೋಯ್ತು ಅಂತ ದೊಡ್ಡ ನಾದಿನಿಗೆ ಗೊತ್ತಾಗಿ ಆರು ತಿಂಗಳು ನನ್ನ ಹತ್ರ ಮಾತಾಡ್ಲಿಲ್ಲ, ಅದೂ ತೂತಾದ ಹಂಡೆ. ದೇವರ ಕೋಣೆಯ ವಿಷಯ ಅಂತೂ ಮುಟ್ಟಲೇ ಇಲ್ಲ, ದೈವದ ಮಣೆ ಮಂಚ, ದೀಪ ಎಲ್ಲ ಮೂಲಮನೆಯಲ್ಲಿ ಮೈದುನನ ಹತ್ರ ಉಂಟು, ದೈವಕ್ಕೆ ವರ್ಷಕ್ಕೊಮ್ಮೆ ಮಾಡುವ ಸೇವೆ ತಂಬಿಲಕ್ಕೆ ನಮ್ಮ ಪಾಲು ದುಡ್ಡು ಮೊದಲೇ ಕೊಟ್ಟು ಹೋಗ್ತೇವೆ.

ಕಾಗದಪತ್ರ ಮತ್ತು ದುಡ್ಡು

ಲೈಫ್ ಸರ್ಟಿಫಿಕೇಟ್ ಈಗ ಮೊಬೈಲಲ್ಲೇ ಆಗ್ತದೆ, ಜೀವನ್ ಪ್ರಮಾಣ್ ಆ್ಯಪ್ ಮತ್ತು ಆಧಾರ್ ಫೇಸ್ ಆರ್‌ಡಿ ಆ್ಯಪ್ ಹಾಕಿ ಮುಖ ತೋರ್ಸಿದ್ರೆ ಆಯ್ತು. ಆದ್ರೂ ನವೆಂಬರಲ್ಲಿ ಊರಲ್ಲೇ ಇದ್ದು ಮಾಡಿ ಮುಗ್ಸಿ ಅಂತ ನನ್ನ ಸಲಹೆ. ಬ್ಯಾಂಕಲ್ಲಿ ಕೂತವಳು ನಾನು, ಡಿಸೆಂಬರಲ್ಲಿ ಪೆನ್ಷನ್ ನಿಂತು ಕೌಂಟರಿಗೆ ಓಡಿ ಬಂದವರ ಮುಖ ನೋಡಿದ್ದೇನೆ.

ಎಫ್‌ಡಿ, ಲಾಕರ್ ಎಲ್ಲ ಇಬ್ಬರ ಹೆಸರಲ್ಲಿ "ಈದರ್ ಆರ್ ಸರ್ವೈವರ್" ಇರ್ಲಿ, ಅಂದ್ರೆ ಇಬ್ಬರಲ್ಲಿ ಯಾರೊಬ್ರು ಬೇಕಾದ್ರೂ ನಡೆಸುವ ಹಾಗೆ, ನಾಮಿನಿ ಹೆಸರು ಚೆಕ್ ಮಾಡಿ. ಮಗಳಿಗೋ ಮಗನಿಗೋ ಪವರ್ ಆಫ್ ಅಟಾರ್ನಿ ಕೊಡುದಾದ್ರೆ ಇಲ್ಲೇ ಮಾಡಿಸಿ ಹೋಗಿ, ಹೊರಗಿಂದ ಮಾಡಿಸ್ಲಿಕ್ಕೆ ಹೋದ್ರೆ ಎಂಬಸಿಗೆ ಅಲೆದು, ಕಾಗದ ಇಲ್ಲಿಗೆ ಕಳ್ಸಿ, ಮೂರು ತಿಂಗಳೊಳಗೆ ಸ್ಟಾಂಪ್ ಹಾಕಿಸಿ, ಅದು ಬೇಡವೇ ಬೇಡ.

ವಿದೇಶಕ್ಕೆ ದುಡ್ಡು ತಗೊಂಡು ಹೋಗುವ ಮಿತಿ ತಲೆಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್, ನಮ್ಮಂಥವರು ಅದ್ರ ಹತ್ರವೂ ಹೋಗುದಿಲ್ಲ. ನೋಡ್ಬೇಕಾದ್ದು ಟಿಸಿಎಸ್, ಅಂದ್ರೆ ವಿದೇಶಕ್ಕೆ ದುಡ್ಡು ಹೋಗುವಾಗಲೇ ಬ್ಯಾಂಕು ಹಿಡಿಯುವ ತೆರಿಗೆ: 2025ರ ಏಪ್ರಿಲ್‌ನಿಂದ ಒಂದು ಪ್ಯಾನ್‌ಗೆ ವರ್ಷಕ್ಕೆ 10 ಲಕ್ಷದ ತನಕ ಹಿಡಿಯುದಿಲ್ಲ. ಹಾಗಾಗಿ ವಿದೇಶದ ದುಡ್ಡು ಮೊದಲೇ ತುಂಬಿಸಿಡುವ ಫಾರೆಕ್ಸ್ ಕಾರ್ಡ್ ಇಬ್ಬರ ಹೆಸರಲ್ಲೂ ಬೇರೆ ಬೇರೆ ಮಾಡಿ, ಒಂದು ಕಳ್ದು ಹೋದ್ರೆ ಇನ್ನೊಂದು ಉಂಟು. ಎಟಿಎಂನಲ್ಲಿ ತೆಗೆಯುವಾಗ "ರೂಪಾಯಿಯಲ್ಲಿ ಲೆಕ್ಕ ಹಾಕ್ಲಾ" ಅಂತ ಮೆಷಿನ್ ಕೇಳ್ತದೆ, ಬೇಡ ಅನ್ನಿ, ಆ ದೇಶದ ದುಡ್ಡಲ್ಲೇ ಅನ್ನಿ, ರೂಪಾಯಿ ಒತ್ತಿದ್ರೆ ಅವರಿಗೆ ಬೇಕಾದ ರೇಟ್ ಹಾಕ್ತಾರೆ. ಥಾಯ್ಲೆಂಡಲ್ಲಿ ಹೊರಗಿನ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಅದಕ್ಕಿಂತ ಜಾಸ್ತಿ ಕಟ್ ಆಗ್ತದೆ, ಐನೂರು ಐನೂರು ಅಂತ ತೆಗೀಬೇಡಿ, ಒಂದೇ ಸಲ ತೆಗೀರಿ.

ಈಗ ಒಟಿಪಿ ಕಥೆ. ವಿಯೆಟ್ನಾಮಿನ ದಾ ನಾಂಗ್‌ನಲ್ಲಿ ತಿಂಗಳ ಬಾಡಿಗೆ ಕೊಡ್ಬೇಕು, ಕಾರ್ಡಲ್ಲಿ ದುಡ್ಡಿಲ್ಲ, ರೀಲೋಡ್ ಮಾಡ್ಲಿಕ್ಕೆ ಹೋದ್ರೆ ಒಟಿಪಿ ನನ್ನ ಊರಿನ ನಂಬರಿಗೆ ಬರ್ಬೇಕು, ಬರುದಿಲ್ಲ. ರೋಮಿಂಗ್ ಆನ್ ಮಾಡುವ ಅಂತ ಸಿಮ್ ಕಂಪೆನಿಯ ಆ್ಯಪ್ ತೆಗ್ದೆ, ಅದಕ್ಕೆ ಲಾಗಿನ್ ಆಗ್ಲಿಕ್ಕೂ ಒಟಿಪಿ! ಮನೆ ಓನರ್ ಹೆಂಗಸು ಬಾಗಿಲಲ್ಲಿ ನಗ್ತಾ ನಿಂತಿದ್ದಾಳೆ, ನಾನು ಬ್ಯಾಂಕಲ್ಲಿ ಮೂವತ್ತೈದು ವರ್ಷ ದುಡ್ಡು ಎಣಿಸಿದವಳು ಅವಳ ಮುಂದೆ ಬೆವರ್ತಿದ್ದೇನೆ. ಕೊನೆಗೆ ನಮ್ಮವರ ಕಾರ್ಡಲ್ಲಿ ಆಯ್ತು. ಆದ್ದರಿಂದ: ಇಂಟರ್ನ್ಯಾಷನಲ್ ರೋಮಿಂಗ್ ಊರಲ್ಲೇ ಆನ್ ಮಾಡಿಸಿ, ಎಸ್ಸೆಮ್ಮೆಸ್ ಬರ್ತದಾ ಅಂತ ಇಳಿದ ದಿನವೇ ಏರ್‌ಪೋರ್ಟಲ್ಲಿ ಚೆಕ್ ಮಾಡಿ, ಡೇಟಾ ರೋಮಿಂಗ್ ಮಾತ್ರ ಆಫ್ ಇರ್ಲಿ, ಇಂಟರ್ನೆಟ್ಟಿಗೆ ಅಲ್ಲಿಯ ಸಿಮ್. ರೀಚಾರ್ಜ್ ಮುಗಿಯುವ ತಾರೀಕು ಮಗಳ ಫೋನಲ್ಲೂ ಬರ್ದಿಡಿ.

ಎಲ್ಲಿ, ಎಷ್ಟು ದಿನ

ಇದು ನಾವು ಹೋದಾಗಿನ ಲೆಕ್ಕ. ಮಲೇಷ್ಯಾ 2023ರ ಡಿಸೆಂಬರಿಂದ ಭಾರತದವರಿಗೆ 30 ದಿನ ವೀಸಾ ಇಲ್ಲದೆ ಬಿಡ್ತಿದೆ, ಥಾಯ್ಲೆಂಡ್ 2024ರ ಜುಲೈಯಲ್ಲಿ ಅದನ್ನು 60 ದಿನ ಮಾಡ್ತು, ವಿಯೆಟ್ನಾಂ ಇ-ವೀಸಾ 90 ದಿನದ್ದು, ಒಂದು ಸಲ ಹೋಗ್ಲಿಕ್ಕೆ 25 ಡಾಲರ್. ಕೂಡಿಸಿದ್ರೆ 180 ದಿನ, ನಮಗೆ ಬೇಕಾದ್ದಕ್ಕಿಂತ ಹೆಚ್ಚೇ. ಈ ನಿಯಮಗಳು ಅವರಿಗೆ ಮನಸ್ಸು ಬಂದ ಹಾಗೆ ಬದಲಾಗ್ತವೆ, ಟಿಕೆಟಿಗೆ ದುಡ್ಡು ಕಟ್ಟುವ ದಿನ ಎಂಬಸಿಯ ಸೈಟ್ ನೋಡಿ, ವಾಟ್ಸಾಪಲ್ಲಿ ಬಂದದ್ದು ನಂಬ್ಬೇಡಿ. ಥಾಯ್ಲೆಂಡಲ್ಲಿ 50 ವರ್ಷ ದಾಟಿದವರಿಗೆ ರಿಟೈರ್ಮೆಂಟ್ ವೀಸಾ ಉಂಟು, ಅದಕ್ಕೆ ಅಲ್ಲಿಯ ಬ್ಯಾಂಕಲ್ಲಿ 8 ಲಕ್ಷ ಬಾತ್ ಇಡ್ಬೇಕು ಅಥವಾ ತಿಂಗಳಿಗೆ 65,000 ಬಾತ್ ಆದಾಯ ತೋರಿಸ್ಬೇಕು. ನಮಗೆ ಅಷ್ಟು ದುಡ್ಡು ಹೊರಗೆ ಕಟ್ಟಿಡುವ ಮನಸ್ಸಿಲ್ಲ.

ಮಲೇಷ್ಯಾಕ್ಕೂ ಥಾಯ್ಲೆಂಡಿಗೂ ಹೋಗುವ ಮೂರು ದಿನದೊಳಗೆ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಿಸ್ಲಿಕ್ಕುಂಟು, ಅದು ಪುಕ್ಕಟೆ. ಗೂಗಲಲ್ಲಿ ಮೊದಲು ಬರುವ ಸೈಟು ದುಡ್ಡು ಕೇಳಿದ್ರೆ ಅದು ಏಜೆಂಟರದ್ದು. ಹೆಸರು ಪಾಸ್‌ಪೋರ್ಟಲ್ಲಿ ಇದ್ದ ಹಾಗೇ ಬರೀರಿ. ನಮ್ಮ ಕಡೆ ಹಳಬರಲ್ಲಿ ತುಂಬಾ ಜನರಿಗೆ ಸರ್‌ನೇಮ್ ಜಾಗ ಖಾಲಿ ಇರ್ತದೆ, ಒಂದೇ ಹೆಸರಿನ ಪಾಸ್‌ಪೋರ್ಟಿಗೆ 2022ರ ನವೆಂಬರಿಂದ ದುಬೈ ಕಡೆ ವಿಸಿಟ್ ವೀಸಾದಲ್ಲಿ ಬಿಡುದಿಲ್ಲ, ಮಂಗಳೂರಿನ ಬಜ್ಪೆ ಏರ್‌ಪೋರ್ಟಿಂದ ಗಲ್ಫ್ ದಾರಿಯಲ್ಲಿ ಹೋಗುವ ಆಲೋಚನೆ ಇದ್ರೆ ಮೊದಲೇ ಸರಿ ಮಾಡಿಸಿ. ಪಾಸ್‌ಪೋರ್ಟ್ ಆರು ತಿಂಗಳು ಬಾಕಿ ಇರ್ಬೇಕು, ಅದು ಎಲ್ರಿಗೂ ಗೊತ್ತುಂಟು.

ನಾವು ಹೋಗುದು ಕೊಚ್ಚಿಯಿಂದ. ಮಂಗಳೂರು ಸೆಂಟ್ರಲಿಂದ ಸಂಜೆ ಮಾವೇಲಿ ಅಥವಾ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ಆಲುವದಲ್ಲಿ ಇಳಿದ್ರೆ ನೆಡುಂಬಾಶೇರಿ ಏರ್‌ಪೋರ್ಟ್ ಹತ್ರವೇ, ಅಲ್ಲಿಂದ ಕೌಲಾಲಂಪುರಕ್ಕೆ ನೇರ ವಿಮಾನ ಉಂಟು. ಬೆಂಗಳೂರಿಗೆ ಘಾಟಿ ಹತ್ತಿ ಇಳ್ದು, ಟ್ರಾಫಿಕಲ್ಲಿ ದೇವನಹಳ್ಳಿ ಮುಟ್ಟುದಕ್ಕಿಂತ ಇದು ಎಷ್ಟೋ ಮೇಲು. ಕೌಂಟರಲ್ಲಿ ವಾಪಸ್ ಟಿಕೆಟ್ ಅಥವಾ ಮುಂದಿನ ದೇಶದ ಟಿಕೆಟ್ ಕೇಳ್ತಾರೆ, ಇಟ್ಕೊಳ್ಳಿ.

ಋತು ನೋಡಿ. 2024ರಲ್ಲಿ ಪರ್ಯಾಯ ಮುಗ್ಸಿ ಮೂರನೇ ದಿನಕ್ಕೆ ಹೊರಟು ಮಲೇಷ್ಯಾದ ಪೆನಾಂಗ್‌ಗೆ ಹೋದೆವು, ಅಲ್ಲಿವರೆಗೆ ಸರಿ. ಅಲ್ಲಿಂದ ಫೆಬ್ರವರಿಯಲ್ಲಿ ಚಿಯಾಂಗ್ ಮಾಯ್‌ಗೆ ಹೋದದ್ದು ತಪ್ಪು. ಉತ್ತರ ಥಾಯ್ಲೆಂಡಲ್ಲಿ ಫೆಬ್ರವರಿಯಿಂದ ಏಪ್ರಿಲ್ ತನಕ ಗದ್ದೆ, ಗುಡ್ಡಕ್ಕೆ ಬೆಂಕಿ ಕೊಡ್ತಾರೆ, ಊರಿಡೀ ಹೊಗೆ, ಎದುರಿನ ಗುಡ್ಡ ಕಾಣುದಿಲ್ಲ, ನಮ್ಮವರಿಗೆ ಕೆಮ್ಮು ಹಿಡಿದದ್ದು ಊರಿಗೆ ಬಂದ್ರೂ ಹೋಗ್ಲಿಲ್ಲ. ಮುಂದಿನ ವರ್ಷ ಥಾಯ್ಲೆಂಡಿನದ್ದೇ ಸಮುದ್ರದ ಹತ್ರದ ಹುವಾ ಹಿನ್‌ಗೆ ಹೋದೆವು, ಮಲ್ಪೆಯವರಿಗೆ ಸಮುದ್ರ ಬೇಕೇ ಬೇಕು. ದಾ ನಾಂಗ್ ಕಡೆಗೆ ಅಕ್ಟೋಬರಿಂದ ಡಿಸೆಂಬರ್ ಬೇಡ, ಜೋರು ಮಳೆ, ನೆರೆ. ಮಾರ್ಚಿಂದ ಮೇ ಒಳ್ಳೇದು.

ಒಂದು ಊರಲ್ಲಿ ಒಂದು ತಿಂಗಳಿಗಿಂತ ಕಮ್ಮಿ ಇರ್ಬೇಡಿ. ತಿಂಗಳ ಬಾಡಿಗೆಯಲ್ಲಿ ಉಳಿತಾಯ ಉಂಟು ಅನ್ನುದು ಹೌದು, ಅದಕ್ಕಿಂತ ಹೆಚ್ಚಾಗಿ ಮೊಣಗಂಟಿಗೆ ಒಳ್ಳೇದು.

ರೂಮು ಹಿಡಿಯುದು

ಊರಿಂದ ನಾಲ್ಕು ದಿನಕ್ಕೆ ಮಾತ್ರ ಬುಕ್ ಮಾಡಿ, ಉಳಿದದ್ದು ಅಲ್ಲಿ ಹೋಗಿ ನಡ್ಕೊಂಡು ನೋಡಿ. ಫೋಟೋದಲ್ಲಿ ಕಾಣದ ಮೂರು ವಿಷಯ ಉಂಟು: ಲಿಫ್ಟ್ ನಿಜಕ್ಕೂ ಓಡ್ತದಾ, ಬಚ್ಚಲಿನ ಟೈಲ್ಸ್ ಜಾರ್ತದಾ, ಕೆಳಗೆ ರಾತ್ರಿ ಬೊಬ್ಬೆ ಹಾಕುವ ಬಾರ್ ಉಂಟಾ. ಬಚ್ಚಲಲ್ಲಿ ಜಾರಿಯೇ ನಮ್ಮವರ ಕಾಲು ಉಳುಕಿದ್ದು. ಪಾಯಿಖಾನೆಯಲ್ಲಿ ನೀರಿನ ಜೆಟ್ ಈ ಕಡೆಯ ದೇಶಗಳಲ್ಲಿ ಹೆಚ್ಚಾಗಿ ಇರ್ತದೆ, ಅದೊಂದು ಸಮಾಧಾನ. ಪೆನಾಂಗ್‌ನ ಜಾರ್ಜ್ ಟೌನಲ್ಲಿ ನಾವು ಒಂದು ರೂಮು, ಸಣ್ಣ ಅಡುಗೆಮನೆ, ವಾಷಿಂಗ್ ಮೆಷಿನ್ ಇರುವ ಫ್ಲಾಟಿಗೆ ತಿಂಗಳಿಗೆ 1,800 ರಿಂಗಿಟ್ ಕೊಟ್ಟೆವು, ಊರೊಳಗೆ ಕ್ಯಾಟ್ ಅನ್ನುವ ಪುಕ್ಕಟೆ ಬಸ್ ಓಡ್ತದೆ, ನಮ್ಮವರಿಗೆ ಅದ್ರಲ್ಲಿ ಸುತ್ತುದೇ ಕೆಲಸ. ಥಾಯ್ಲೆಂಡಲ್ಲಿ ಓನರ್ ನಿಮ್ಮ ಹೆಸರನ್ನು ಇಮಿಗ್ರೇಷನ್‌ಗೆ ಕೊಡ್ಬೇಕು, ಟಿಎಂ 30 ಅಂತಾರೆ, ಕೊಟ್ಟಿದ್ದಾರಾ ಅಂತ ಕೇಳಿ. ಸ್ಕೂಟರ್ ಬಾಡಿಗೆಗೆ ತಗೊಳ್ಬೇಡಿ, ನಿಮ್ಮ ಹತ್ರ ಇಂಟರ್ನ್ಯಾಷನಲ್ ಪರ್ಮಿಟ್ ಇಲ್ಲದೆ ಬಿದ್ರೆ ಇನ್ಶೂರೆನ್ಸ್‌ನವರು ಕೈ ಎತ್ತಿ ಬಿಡ್ತಾರೆ.

ಮದ್ದು, ಇನ್ಶೂರೆನ್ಸ್

ಊರಿನ ಹೆಲ್ತ್ ಪಾಲಿಸಿ ಸಾಮಾನ್ಯವಾಗಿ ಭಾರತದ ಒಳಗೆ ಮಾತ್ರ, ಆದ್ರೆ ಅದನ್ನು ನಿಲ್ಲಿಸ್ಬೇಡಿ. ಹೊರಗಿಗೆ ಟ್ರಾವೆಲ್ ಪಾಲಿಸಿ ಬೇರೆ ಬೇಕು, ಊರು ಬಿಡುವ ಮೊದಲೇ ತಗೊಳ್ಬೇಕು. ಬಿಪಿ ಶುಗರ್ ಇದ್ರೆ ಮುಚ್ಚಿಡ್ಬೇಡಿ, ಹೆಚ್ಚಿನ ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆಗೆ ಜೀವಕ್ಕೆ ಅಪಾಯ ಬಂದ್ರೆ ಮಾತ್ರ ಕೊಡುದು, ಆ ಸಾಲನ್ನು ಕನ್ನಡಕ ಹಾಕಿ ಓದಿ. ಕಾಲು ಉಳುಕಿದಾಗ ನಮಗೆ ಕ್ಲೇಮ್ ಸಿಕ್ಕಿದ್ದು ಡಾಕ್ಟರ್ ಇಂಗ್ಲಿಷಲ್ಲಿ ಬರ್ದ ರಿಪೋರ್ಟ್ ಮತ್ತು ಒರಿಜಿನಲ್ ಬಿಲ್ ಇದ್ದದ್ದಕ್ಕೆ. ಹೊರಡುವ ತಿಂಗಳು ಮೊದಲು ಹಲ್ಲು, ಕಣ್ಣು, ಹಾರ್ಟ್ ಎಲ್ಲ ಮಣಿಪಾಲದಲ್ಲಿ ತೋರಿಸಿ ಹೋಗ್ತೇವೆ. ಮಾತ್ರೆ ಪೂರ್ತಿ ಅವಧಿಗೆ, ಸ್ಟ್ರಿಪ್ಪಿನಲ್ಲೇ, ಡಾಕ್ಟರ ಚೀಟಿಯಲ್ಲಿ ಕಂಪೆನಿ ಹೆಸರಲ್ಲ, ಮದ್ದಿನ ಹೆಸರು. ಅರ್ಧ ಅರ್ಧ ಮಾಡಿ ಇಬ್ಬರ ಬ್ಯಾಗಲ್ಲೂ ಇಡಿ.

ಇನ್ನು ಬ್ಯಾಗು

ಗುಜ್ರಿಯವನ ಹತ್ರ ಇರ್ತದಲ್ಲ, ಕೊಕ್ಕೆಯ ತಕ್ಕಡಿ, ಅಂಥದ್ದೊಂದು ತಗೊಳ್ಳಿ. ಮೊದಲ ಸಲ ನಾವು ಅಂದಾಜಿಗೆ ತುಂಬಿಸಿ ಹೋಗಿ ಕೊಚ್ಚಿ ಕೌಂಟರಲ್ಲಿ ನನ್ನ ಬ್ಯಾಗು ಎಂಟು ಕಿಲೋ ನಾನೂರು ಬಂತು. ಬದಿಗೆ ಹೋಗಿ ನೆಲದಲ್ಲಿ ಬಿಚ್ಚಿದೆವು, ಹಿಂದೆ ಲೈನಲ್ಲಿ ಇದ್ದವರೆಲ್ಲ ನೋಡ್ತಿದ್ದಾರೆ, ಒಳಗಿಂದ ಬಂದದ್ದು ಸ್ಟೀಲ್ ಡಬ್ಬಿಯಲ್ಲಿ ಸಾರಿನ ಹುಡಿ, ತೊಟ್ಟೆಯಲ್ಲಿ ಕಟ್ಟಿದ ಹಲಸಿನ ಹಪ್ಪಳ, ನೋವಿನೆಣ್ಣೆ ಬಾಟ್ಲಿ, ಮತ್ತೆ ಎರಡು ಕಿಲೋ ಕುಚ್ಚಲಕ್ಕಿ! ಕುಚ್ಚಲಕ್ಕಿಯನ್ನು ಅಲ್ಲಿ ಗುಡಿಸುವ ಹೆಂಗಸಿಗೆ ಕೊಟ್ಟೆ, ಅವಳು ಸಂಶಯದಲ್ಲಿ ಎರಡು ಸಲ ಮೂಸಿ ನೋಡಿ ತಗೊಂಡ್ಳು.

ಈಗ ನನ್ನ ಬ್ಯಾಗಲ್ಲಿ ಇರುದು: ಮೂರು ಚೂಡಿದಾರ್, ಎರಡು ನೈಟಿ, ದೇವಸ್ಥಾನಕ್ಕೆ ಒಂದು ತೆಳು ಸೀರೆ, ಒಂದು ಬೈರಾಸು (ಮೈ ಒರೆಸುವ ಬಟ್ಟೆ), ಒಂದು ಸ್ಟೀಲ್ ಲೋಟ, ಚಾರ್ಜರ್, ಪ್ಲಗ್ ಅಡಾಪ್ಟರ್, ಮಾತ್ರೆ, ಕಾಗದದ ಫೈಲು, ಕಾಲು ಕಿಲೋ ಸಾರಿನ ಹುಡಿ. ಮೈಮೇಲೆ ಹಾಕ್ಕೊಂಡದ್ದು ತೂಕಕ್ಕೆ ಬರುದಿಲ್ಲ, ಶೂ ಸ್ವೆಟರ್ ಹಾಕ್ಕೊಂಡೇ ಹತ್ತಿ. ಚಿನ್ನ ಬೇಡ, ಕರಿಮಣಿ ಮಾತ್ರ ನನ್ನ ಕುತ್ತಿಗೆಯಲ್ಲಿ. ಒಣ ಕೊಬ್ಬರಿ ತಗೊಳ್ಬೇಡಿ, 2022ರಿಂದ ವಿಮಾನದಲ್ಲಿ ಬಿಡುದಿಲ್ಲ, ಎಣ್ಣೆ ಅಂಶಕ್ಕೆ ಬೆಂಕಿ ಹಿಡೀತದೆ ಅಂತ. ಗಸಗಸೆಯಂತೂ ಗಲ್ಫ್ ದಾರಿಯಲ್ಲಿ, ಸಿಂಗಾಪುರದಲ್ಲಿ ಹಿಡಿದ್ರೆ ಜೈಲಿನ ವಿಷಯ, ಮಸಾಲೆ ಹುಡಿಯಲ್ಲಿ ಕೂಡ ಇರ್ಬಾರ್ದು.

ಊಟಕ್ಕೆ ಎಂತ ಮಾಡ್ತೀರಿ ಅನ್ನುವವರಿಗೆ: ಪೆನಾಂಗ್ ಮಾರ್ಕೆಟಿಗೆ ಹೋಗಿ "ಇಕಾನ್ ಕೆಂಬುಂಗ್" ಕೇಳಿ, ನಮ್ಮ ಬಂಗುಡೆಯೇ. ಲಿಟಲ್ ಇಂಡಿಯಾದಲ್ಲಿ ಕುಚ್ಚಲಕ್ಕಿಗೆ ಹತ್ರದ ಅಕ್ಕಿ, ಹುಣಸೆಹುಳಿ, ಬ್ಯಾಡಗಿ ಅಲ್ಲದಿದ್ರೂ ಒಣಮೆಣಸು ಎಲ್ಲ ಸಿಗ್ತದೆ. ತೆಂಗಿನಕಾಯಿ ನಮ್ಮೆದುರೇ ಮೆಷಿನಲ್ಲಿ ತುರಿದು ಕೊಡ್ತಾರೆ, ಮೆಟ್ಟುಕತ್ತಿಯಲ್ಲಿ ಕೂತು ನಲ್ವತ್ತು ವರ್ಷ ತುರಿದ ನನಗೆ ಅದು ನೋಡಿ ಹೊಟ್ಟೆ ಉರೀತು. ತೈಪೂಸಂ ಹಬ್ಬದಲ್ಲಿ ಅಲ್ಲಿಯ ತಮಿಳರು, ಚೀನೀಯರು ಸೇರಿ ಮುರುಗನ ರಥದ ಮುಂದೆ ರೋಡಲ್ಲಿ ಸಾವಿರಗಟ್ಟಲೆ ತೆಂಗಿನಕಾಯಿ ಒಡೀತಾರೆ, ಭಕ್ತಿ ಬಂತು, ಆದ್ರೆ ಎಷ್ಟು ಗಸಿಗೆ ಆಗ್ತಿತ್ತು ಅಂತಲೂ ಅನ್ನಿಸ್ತು, ದೇವರೇ ಕ್ಷಮಿಸ್ಲಿ.

ಇಬ್ಬರೇ ಇಪ್ಪತ್ತನಾಲ್ಕು ಗಂಟೆ ಒಂದು ರೂಮಲ್ಲಿ ಇರುದಕ್ಕೂ ಒಂದು ಏರ್ಪಾಡು ಬೇಕು, ಇದು ಯಾರೂ ಹೇಳುದಿಲ್ಲ. ಬೆಳಿಗ್ಗೆ ಹತ್ತರಿಂದ ಒಂದು ಗಂಟೆ ತನಕ ಅವರು ಎಲ್ಲಿಗೆ ಬೇಕಾದ್ರೂ ಹೋಗ್ಲಿ, ನಾನು ಕೇಳುದಿಲ್ಲ, ನಾನು ಹೋದ್ರೆ ಅವರು ಕೇಳ್ಬಾರ್ದು. ಊರಿಗೆ ವಿಡಿಯೋ ಕಾಲ್ ವಾರಕ್ಕೆ ಎರಡೇ, ಇಲ್ಲದಿದ್ರೆ ಅಲ್ಲಿ ಕೂತು ಇಲ್ಲಿಯ ಪಂಚಾಯ್ತಿಕೆ ಆಗ್ತದೆ.

ವಾಪಸ್ ಬಂದ ದಿನ ಬ್ಯಾಗ್ ಕೂಡಲೇ ಬಿಚ್ಚಿ, ಒಮ್ಮೆಯೂ ಉಪಯೋಗ ಆಗದ್ದು ಎಂತೆಲ್ಲ ಅಂತ ಒಂದು ಚೀಟಿಯಲ್ಲಿ ಬರ್ದು ಆ ಖಾಲಿ ಬ್ಯಾಗಿನ ಒಳಗೇ ಹಾಕಿಡಿ. ನನ್ನ ಮೊದಲ ಚೀಟಿಯಲ್ಲಿ ಹದಿನೇಳು ಸಾಮಾನಿತ್ತು, ಈ ಸಲ ನಾಲ್ಕು: ಟಾರ್ಚು, ಕೊಡೆ, ಇಸ್ಪೀಟು, ಇನ್ನೊಂದು ಕನ್ನಡಕದ ಪೆಟ್ಟಿಗೆ. ಬೈರಾಸು ಮಾತ್ರ ಮುಂದಿನ ಸಲ ಎರಡು ಬೇಕು ಅಂತ ಕೆಳಗೆ ಬರ್ದಿದ್ದೇನೆ, ಫ್ಲಾಟಿನ ಒಳಗೆ ಒಂದೇ ದಿನದಲ್ಲಿ ಒಣಗುದಿಲ್ಲ.